ಸ್ಪ್ಯಾನರ್ ಗಿರಾಕಿಯ ಕೈಗೆ

ರಿಪೇರಿಯನ್ನು ಗಿರಾಕಿಗೇ ಕಲಿಸಿಬಿಟ್ಟರೆ ಸೈಕಲ್ ಅಂಗಡಿಯವರ ಹೊಟ್ಟೆಪಾಡೇನು? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ 1972ರಲ್ಲಿ ಶುರುವಾದ ಬ್ರಾಡ್‌ವೇ ಬೈಸಿಕಲ್ ಸ್ಕೂಲ್ ಈ ಪ್ರಶ್ನೆಗೆ ದಶಕಗಳ ಕಾಲ ನಡೆದೇ ಉತ್ತರ ಕೊಟ್ಟಿದೆ. ಕೆಲಸಗಾರರೇ ಒಡೆಯರಾದ ಈ ಅಂಗಡಿ ರಿಪೇರಿ ಮಾಡಿಕೊಡುವುದರ ಜೊತೆಗೆ ಪಾಠವನ್ನೂ ಹೇಳುತ್ತದೆ, ಸಲಕರಣೆಗಳನ್ನು ಬಾಡಿಗೆಗೂ ಕೊಡುತ್ತದೆ. ಕಲಿತವರಿಗೂ ಟ್ಯೂಬು, ಬ್ರೇಕ್ ಶೂ, ಚೈನು ಬೇಕೇ ಬೇಕಲ್ಲ; ಅವನ್ನು ಕೊಳ್ಳಲು ಕಲಿಸಿದ ಕಡೆಗೇ ಬರುವುದು ಸಹಜ.

ಗಿರಾಕಿಗೆ ಆಗುವ ಲಾಭಕ್ಕೆ ಚೈನನ್ನೇ ನೋಡಿ. ಹೊಸ ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಸವೆದಂತೆ ಈ ಅಳತೆ ಉದ್ದವಾಗುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದಾಗಲೇ ಬದಲಿಸಿದರೆ ಖರ್ಚು ಚೈನಿನದಷ್ಟೇ. ಎಂಟನೇ ಒಂದು ಭಾಗದವರೆಗೆ ಬಿಟ್ಟರೆ ಫ್ರೀವೀಲಿನ ಹಲ್ಲುಗಳೂ ಹಾಳಾಗಿರುತ್ತವೆ. ಇದನ್ನು ಕಂಡುಹಿಡಿಯಲು ಬೇಕಾದದ್ದು ಶಾಲೆಯ ಮಕ್ಕಳ ಸ್ಕೇಲು, ಮತ್ತು ಅದನ್ನು ಎಲ್ಲಿಡಬೇಕೆಂದು ಒಮ್ಮೆ ತೋರಿಸಿಕೊಡುವವರು. ಆದರೆ ಗಿರಾಕಿ ತಾನೇ ಬ್ರೇಕನ್ನು ತಪ್ಪಾಗಿ ಕಟ್ಟಿದರೆ ಜೀವಕ್ಕೇ ಅಪಾಯ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಅದಕ್ಕೇ ಕಲಿಕೆ ಮನೆಯ ಮೂಲೆಯಲ್ಲಿ ಒಂಟಿಯಾಗಿ ಆಗದೆ, ಬಲ್ಲ ಮೆಕ್ಯಾನಿಕ್ಕಿನ ಕಣ್ಣೆದುರು ಆಗಬೇಕು. ತಂತಿಯನ್ನು ಎಷ್ಟು ಎಳೆಯಬೇಕು, ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದು ಕೈಗೆ ಹತ್ತುವುದು ಅಲ್ಲೇ.