ಎಂಜಿನ್ನಿಗೆ ಬಲ, ಗೇರ್‌ಬಾಕ್ಸಿಗೆ ಭಾರ

ತಿಕೋಟಾ ಭಾಗದ ಶೆಡ್ಡುಗಳಿಂದ ಒಣದ್ರಾಕ್ಷಿ ಹೊರಡುವ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಬಾಕ್ಸು ಹೇರಿದ ಗಾಡಿ ವಿಜಯಪುರಕ್ಕೋ ಮಹಾರಾಷ್ಟ್ರದ ತಾಸಗಾಂವ ಪೇಟೆಗೋ ಮುಟ್ಟಬೇಕು. ಬಬಲೇಶ್ವರದ ಕಡೆ ಕಬ್ಬಿನ ಲೋಡು. ಏರು ಬಂದಾಗಲೆಲ್ಲ ಮಾಲೀಕನಿಗೆ ಅನಿಸುವುದು ಒಂದೇ: ಇನ್ನೊಂದಿಷ್ಟು ಪಿಕಪ್ ಇದ್ದಿದ್ದರೆ!

ಈಗ ಅದಕ್ಕೆ ಲ್ಯಾಪ್‌ಟಾಪ್ ಸಾಕು. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಡೀಸೆಲ್ಲನ್ನೂ ಟರ್ಬೊ ಒತ್ತಡವನ್ನೂ ಏರಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುತ್ತದೆ. ಆದರೆ ಆ ಬಲ ಚಕ್ರ ಮುಟ್ಟುವ ಮೊದಲು ಗೇರ್‌ಬಾಕ್ಸನ್ನು ದಾಟಬೇಕು.

ಕೈಗೇರಿನ ಗಾಡಿಯಲ್ಲಿ ಕ್ಲಚ್ ಜಾರಿದರೆ ಸುಟ್ಟ ವಾಸನೆ ಡ್ರೈವರನ ಮೂಗಿಗೇ ಬಡಿಯುತ್ತದೆ. ಪ್ಲೇಟ್ ಬದಲಿಸಿದರೆ ಆಯಿತು. ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಅದರೊಳಗೆ ತೆಳುವಾದ ಹಲವು ಪ್ಲೇಟುಗಳು ಆಯಿಲಿನಲ್ಲಿ ಮುಳುಗಿ ಕೂತಿರುತ್ತವೆ. ಆಯಿಲಿನ ಒತ್ತಡವೇ ಅವನ್ನು ಅಮುಕಿ ಹಿಡಿದು ಗೇರು ಹಾಕುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಗೇರ್‌ಬಾಕ್ಸಿಗೆ ತಿಳಿಯುವುದು ಎಂಜಿನ್ ಕಂಪ್ಯೂಟರು ಕೊಡುವ ಟಾರ್ಕಿನ ವರದಿಯಿಂದ. ಬಲ ಏರಿಸಲು ಹೊರಗಿನಿಂದ ಚಿಪ್ ಸೇರಿಸಿದಾಗ ಎಷ್ಟೋ ಸಲ ಈ ಸುದ್ದಿಯೇ ಸುಳ್ಳಾಗುತ್ತದೆ: ಬಲ ಹೆಚ್ಚು, ವರದಿ ಕಡಿಮೆ. ಹಿಡಿತ ಸಾಲದೆ ಪ್ಲೇಟು ಜಾರುತ್ತದೆ, ಜಾರಿದ್ದೆಲ್ಲ ಶಾಖವಾಗುತ್ತದೆ. ಸಾಮಾನ್ಯವಾಗಿ 80–95 ಡಿಗ್ರಿಯಲ್ಲಿರಬೇಕಾದ ಆಯಿಲು ಅದನ್ನು ಮೀರಿ ಕಾದರೆ ಬೇಗ ಕೆಡುತ್ತದೆ. ಕೆಂಪು ಹೋಗಿ ಕಂದಾಗುತ್ತದೆ, ಹಿಡಿತ ಮತ್ತಷ್ಟು ಸಡಿಲುತ್ತದೆ. ಲೋಡು, ಏರು, ಬೇಸಿಗೆ ಮೂರೂ ಕೂಡಿದ ದಿನ ಆಯಿಲ್ ಕೂಲರಿಗೂ ಉಸಿರಾಡಲು ಬಿಸಿ ಗಾಳಿಯೇ ಗತಿ.

ಬೇರಿಂಗಿನ ಲೆಕ್ಕ ಇನ್ನೂ ಕಠಿಣ. ರೋಲರ್ ಬೇರಿಂಗಿನ ಆಯುಷ್ಯ ಭಾರದ ಸುಮಾರು 3.3ನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಟಾರ್ಕ್ ಕಾಲು ಭಾಗ ಏರಿ ಬೇರಿಂಗಿನ ಭಾರವೂ ಅಷ್ಟೇ ಏರಿತೆನ್ನಿ: ಲೆಕ್ಕದ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಗುರ ಆಕ್ಸಿಲರೇಟರಿನಲ್ಲಿ ಓಡಿಸಿದರೆ ಇಷ್ಟು ಪೆಟ್ಟಿಲ್ಲ. ಹೆಚ್ಚುವರಿ ಬಲ ಬಳಸಿದಾಗ ಮಾತ್ರ ಬೆಲೆ ತೆರಬೇಕು. ಆದರೆ ಬಳಸದಿದ್ದರೆ ಏರಿಸಿದ್ದಾದರೂ ಯಾಕೆ?

ಕಂಪನಿಗಳು ಎಂಜಿನ್–ಗೇರ್‌ಬಾಕ್ಸ್ ಜೋಡಿಯನ್ನು ಎಷ್ಟು ಎಚ್ಚರದಿಂದ ಕೂಡಿಸುತ್ತವೆ ಎಂಬುದಕ್ಕೆ ಟೊಯೊಟಾದ ಹೈಲಕ್ಸ್ ಪಿಕಪ್ ನೋಡಿ. 2022ರಲ್ಲಿ ಭಾರತಕ್ಕೆ ಬಂದ ಈ ಗಾಡಿಯಲ್ಲಿ ಎಂಜಿನ್ ಅದೇ 2.8 ಲೀಟರಿನ ಡೀಸೆಲ್. ಕೈಗೇರಿನ ಮಾದರಿಗೆ 420 ನ್ಯೂಟನ್ ಮೀಟರ್ ಟಾರ್ಕ್, ಆಟೊಮ್ಯಾಟಿಕ್‌ಗೆ 500. ಎಂಜಿನ್ ಒಂದೇ ಆದರೂ ಗೇರ್‌ಬಾಕ್ಸಿಗೆ ತಕ್ಕಂತೆ ಬಲಕ್ಕೆ ಮಿತಿ ಇದೆ.

ಎತ್ತು ಬಲವಾದರೆ ಮಿಣಿಯೂ ಬಲವಾಗಬೇಕೆಂದು ರೈತನಿಗೆ ಹೇಳಿಕೊಡಬೇಕಿಲ್ಲ. ಗಾಡಿಯಲ್ಲೂ ಹಾಗೆಯೇ. ಬಲ ಏರಿಸುವ ಮೊದಲು ಗೇರ್‌ಬಾಕ್ಸ್ ತಡೆಯುವ ಟಾರ್ಕ್ ಎಷ್ಟೆಂದು ಕೇಳಿ, ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ತಯಾರಕರು ನಿಗದಿಪಡಿಸಿದ್ದನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಅಡ್ಡ ಬರುತ್ತದೆ. ದಿನವೂ ಹೆಚ್ಚು ಲೋಡು ಹೇರುವವರಿಗೆ ಬೇಕಾದದ್ದು ಚಿಪ್ ಅಲ್ಲ, ಆ ಲೋಡಿಗೆಂದೇ ಮಾಡಿದ ಗಾಡಿ.