ತೋಪಿನ ಹೊಟ್ಟೆಯೊಳಗಿನ ರೇಷ್ಮೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಅತಿ ಹತ್ತಿರದ ಕಡಲೇ ಇನ್ನೂರು ಕಿಲೋಮೀಟರಿಗೂ ಆಚೆ ಇದೆ. ಆದರೂ ನೂರು ವರ್ಷಗಳ ಹಿಂದೆ ಬ್ರಿಟನ್ ಮತ್ತು ಜರ್ಮನಿ ಸಮುದ್ರದ ಮೇಲೆ ನಡೆಸಿದ ಕಾಳಗದ ಒಂದು ಗುಟ್ಟು ತಿಳಿಯಬೇಕಾದರೆ ಈ ಊರಿನ ನೂಲು ಬಿಚ್ಚಣಿಕೆಯ ಕಸುಬನ್ನೇ ನೋಡಬೇಕು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಚರಕ ಎಳೆದು ತೆಗೆಯುತ್ತದಲ್ಲ, ಆ ರೇಷ್ಮೆಯೇ ಯುದ್ಧನೌಕೆಗಳ ದೈತ್ಯ ತೋಪುಗಳಲ್ಲಿ ಮದ್ದನ್ನು ಹಿಡಿದಿಡುವ ಬಟ್ಟೆಯಾಗಿತ್ತು.

ಬಂದೂಕಿನ ತೋಟಾದಲ್ಲಿ ಗುಂಡು, ಮದ್ದು ಎರಡೂ ಒಂದೇ ಕೊಳವೆಯಲ್ಲಿರುತ್ತವೆ. ಬ್ರಿಟನ್ನಿನ 15 ಅಂಗುಲದ ನೌಕಾ ತೋಪಿಗೆ ಅದು ಆಗದ ಮಾತು. ಅದರ ಗುಂಡೇ ಸುಮಾರು 870 ಕಿಲೋ. ಅದನ್ನು ಮೊದಲು ನಳಿಗೆಗೆ ನೂಕಿ, ಹಿಂದೆ 190 ಕಿಲೋಗೂ ಹೆಚ್ಚು ಕಾರ್ಡೈಟ್ ಮದ್ದನ್ನು ನಾಲ್ಕು ರೇಷ್ಮೆ ಚೀಲಗಳಲ್ಲಿ ತುಂಬುತ್ತಿದ್ದರು. ಹಾರಿಸಿದ ಅರ್ಧ ನಿಮಿಷದಲ್ಲೇ ಅದೇ ಬಿಸಿ ನಳಿಗೆಗೆ ಮುಂದಿನ ಚೀಲಗಳು ಬರಬೇಕು. ಹಿಂದಿನ ಬಟ್ಟೆಯ ಒಂದೇ ಒಂದು ಕಿಡಿ ಒಳಗೆ ಉಳಿದಿದ್ದರೂ, ಹಿಂಬಾಗಿಲು ಮುಚ್ಚುವ ಮೊದಲೇ ಮದ್ದು ಹೊತ್ತಿ ಸುತ್ತಲಿನವರು ಬೂದಿಯಾಗುತ್ತಾರೆ. ನಳಿಗೆಯಲ್ಲಿ ಉಳಿದ ಬೆಂಕಿ ಏನು ಮಾಡಬಲ್ಲದು ಎಂಬುದನ್ನು ಅಮೆರಿಕದ ಮಿಸೌರಿ ನೌಕೆ 1904ರ ಏಪ್ರಿಲ್‌ನಲ್ಲಿ ಕಂಡಿತು. ಅಭ್ಯಾಸದ ವೇಳೆ ತೋಪಿನಿಂದ ಹಿಂದಕ್ಕೆ ನುಗ್ಗಿದ ಜ್ವಾಲೆ ಮದ್ದಿಗೆ ತಗುಲಿ 36 ಮಂದಿ ಸತ್ತರು.

ಹತ್ತಿಯ ಚೀಲ ಅಗ್ಗ. ಹಾಗಿದ್ದರೂ ರೇಷ್ಮೆಯೇ ಏಕೆ? ದೇವರ ಮುಂದಿನ ದೀಪ ಆರಿದ ಮೇಲೂ ಬತ್ತಿಯ ತುದಿ ಕೆಂಪಗೆ ಕನಲುತ್ತಿರುತ್ತದೆ. ಹತ್ತಿ ಎಂದರೆ ಸೆಲ್ಯುಲೋಸ್. ಉರಿ ನಿಂತರೂ ಅದರ ಇದ್ದಿಲು ಒಳಗೊಳಗೇ ಸುಡುತ್ತಿರುತ್ತದೆ. ರೇಷ್ಮೆಯ ಎಳೆ ಫೈಬ್ರಾಯಿನ್ ಎಂಬ ಪ್ರೋಟೀನು. ಸೆಲ್ಯುಲೋಸಿನಲ್ಲಿ ಇಲ್ಲವೇ ಇಲ್ಲದ ಸಾರಜನಕ ಇದರಲ್ಲಿ ಶೇಕಡಾ 18ರ ಆಸುಪಾಸು ಇದೆ. ಒಂದು ವಸ್ತು ತಾನಾಗಿ ಉರಿಯುತ್ತಿರಲು ಗಾಳಿಯಲ್ಲಿ ಎಷ್ಟು ಆಮ್ಲಜನಕ ಬೇಕೆಂದು ಅಳೆದರೆ, ಹತ್ತಿಗೆ ಶೇಕಡಾ 18 ಸಾಕು, ರೇಷ್ಮೆಗೆ 23ರಷ್ಟು ಬೇಕು. ನಾವು ಉಸಿರಾಡುವ ಗಾಳಿಯಲ್ಲಿರುವುದು 21. ಅಂದರೆ ಜ್ವಾಲೆ ದೂರವಾದೊಡನೆ ರೇಷ್ಮೆ ನಂದಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕರಿಯಷ್ಟೇ ಉಳಿಯುತ್ತದೆ. ಅಸಲಿ ರೇಷ್ಮೆಯೋ ನಕಲಿಯೋ ಎಂದು ಎಳೆ ಸುಟ್ಟು ನೋಡುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಎರಡು ಸಾವಿರ ಡಿಗ್ರಿ ದಾಟುವ ತೋಪಿನ ಕಾವಿನಲ್ಲಿ ತೆಳು ರೇಷ್ಮೆ ಕೆಂಡ ಉಳಿಸದೆ ಸುಟ್ಟುಹೋಗುತ್ತದೆ. ಅಷ್ಟು ತೆಳುವಾಗಿದ್ದೂ ಐವತ್ತು ಕಿಲೋ ಹತ್ತಿರದ ಭಾರ ತಾಳುವ ಬಲ ಆ ಚೀಲದ ಬಟ್ಟೆಗಿದೆ.

ಇದಕ್ಕೆ ಸೀರೆಯ ನೂಲೇ ಬೇಕಿರಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಚಿಂತಾಮಣಿ, ಶಿಡ್ಲಘಟ್ಟದ ರೈತ ಎಷ್ಟೇ ಜೋಪಾನವಾಗಿ ಹುಳು ಸಾಕಲಿ, ಗೂಡಿನ ಹೊರಪದರ, ತೂತಾದ ಗೂಡು, ಕೊನೆಯ ಎಳೆ ಬಿಚ್ಚಣಿಕೆಗೆ ಒದಗುವುದಿಲ್ಲ. ಆ ಉಳಿಕೆಯನ್ನು ಹತ್ತಿಯಂತೆ ಬಾಚಿ ನೂಲಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಸ್ಯಾಮ್ಯುಯೆಲ್ ಲಿಸ್ಟರ್ 19ನೇ ಶತಮಾನದಲ್ಲಿ ಅದಕ್ಕೆ ಯಂತ್ರ ರೂಪಿಸಿದ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಲಂಡನ್ನಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಭಾರತದ ರೇಷ್ಮೆ ತ್ಯಾಜ್ಯ. ಬಾಚುವಾಗ ಉದುರುವ ಗಿಡ್ಡ ಎಳೆಗಳಿಂದಲೇ ಅಮೆರಿಕದಲ್ಲಿ ಮದ್ದಿನ ಚೀಲದ ಬಟ್ಟೆ ನೇಯುತ್ತಿದ್ದರು. ಇಂಥ ಉಳಿಕೆಯನ್ನು ನೂಲುವ ಕಾರ್ಖಾನೆ ನಮ್ಮ ಚನ್ನಪಟ್ಟಣದಲ್ಲಿ 1930ರ ದಶಕದಲ್ಲಿ ಬಂತು.

ಇನ್ನು 1916ರ ಮೇ 31. ಡೆನ್ಮಾರ್ಕಿನ ಆಚೆ, ಜಟ್‌ಲ್ಯಾಂಡ್ ಕಾಳಗ. ಎರಡೂ ಕಡೆಯ ಸುಮಾರು 250 ಹಡಗುಗಳು. ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಎಂಬ ಮೂರು ಬ್ರಿಟಿಷ್ ಹಡಗುಗಳು ಮೂರು ಗಂಟೆಯೊಳಗೆ ಒಂದಾದ ಮೇಲೊಂದು ಸಿಡಿದು ಮುಳುಗಿದವು. 3,300ಕ್ಕೂ ಹೆಚ್ಚು ಜನ ಹೋದರು, ಉಳಿದವರು ಮೂವತ್ತರ ಆಸುಪಾಸು. ಜರ್ಮನಿಯ ತೋಪುಗಳಲ್ಲಿ ಮುಖ್ಯ ಮದ್ದು ಹಿತ್ತಾಳೆಯ ಕೊಳವೆಯಲ್ಲಿತ್ತು, ಮುಂದಿನ ಪಾಲು ಮಾತ್ರ ರೇಷ್ಮೆಯಲ್ಲಿ. ಬ್ರಿಟನ್ನಿನದು ಪೂರ್ತಿ ರೇಷ್ಮೆ. ಹಾಗಾದರೆ ರೇಷ್ಮೆಯೇ ಕೊಂದಿತೇ? ನಾನು ಒಪ್ಪುವುದಿಲ್ಲ. ಕೆಂಡ ಉಳಿಸದಿರುವುದಷ್ಟೇ ಬಟ್ಟೆಗೆ ವಹಿಸಿದ ಕೆಲಸ. ಹೊರಗಿನ ಜ್ವಾಲೆಯನ್ನು ತಡೆಯಬೇಕಾದದ್ದು ಉಕ್ಕಿನ ಬಾಗಿಲು. ಬೇಗ ಬೇಗ ಹಾರಿಸುವ ಆತುರದಲ್ಲಿ ಬ್ರಿಟಿಷರು ಆ ಬಾಗಿಲುಗಳನ್ನು ತೆರೆದಿಟ್ಟು, ಚೀಲಗಳನ್ನು ಮದ್ದಿನ ಕೋಣೆಯ ಹೊರಗೇ ಪೇರಿಸಿದ್ದರು. ಪ್ರತಿ ಚೀಲದ ತುದಿಗೂ ಬೇಗ ಹೊತ್ತುವ ಕರಿಮದ್ದಿನ ಪದರ ಬೇರೆ. ಜರ್ಮನಿಯೂ ಈ ಎಚ್ಚರವನ್ನು ಸುಖವಾಗಿ ಕಲಿತದ್ದಲ್ಲ. 1915ರ ಜನವರಿಯಲ್ಲಿ ಡಾಗರ್ ಬ್ಯಾಂಕ್ ಕಾಳಗದಲ್ಲಿ ಅದರ ಸೈಡ್ಲಿಟ್ಸ್ ಹಡಗಿನ ಎರಡು ತೋಪುಗೋಪುರಗಳು ಉರಿದು 160ರಷ್ಟು ಮಂದಿ ಸತ್ತಿದ್ದರು. ಹಡಗು ಮಾತ್ರ ಉಳಿಯಿತು, ಅಲ್ಲಿಂದ ಮದ್ದಿನ ವಿಷಯದಲ್ಲಿ ಅವರು ಬಿಗಿಯಾದರು.

ಜಟ್‌ಲ್ಯಾಂಡ್‌ನಲ್ಲೇ ಬ್ರಿಟನ್ನಿನ ಲಯನ್ ಹಡಗಿಗೂ ಸಿಡಿದ ಆ ಮೂರು ಹಡಗುಗಳ ಗತಿಯೇ ಬರುತ್ತಿತ್ತು. ಅದರ ಒಂದು ತೋಪುಗೋಪುರದಲ್ಲಿ ಮಾರಣಾಂತಿಕವಾಗಿ ಗಾಯಗೊಂಡಿದ್ದ ಮೇಜರ್ ಫ್ರಾನ್ಸಿಸ್ ಹಾರ್ವಿ, ಮದ್ದಿನ ಕೋಣೆಗೆ ನೀರು ನುಗ್ಗಿಸಲು ಆಜ್ಞೆ ಮಾಡಿ ಪ್ರಾಣಬಿಟ್ಟ. ಆಮೇಲೆ ಅದೇ ಗೋಪುರದ ಚೀಲಗಳು ಹೊತ್ತಿ ಅಲ್ಲಿದ್ದವರನ್ನು ಸುಟ್ಟವು, ನೀರು ತುಂಬಿದ್ದರಿಂದ ಹಡಗು ಸಿಡಿಯಲಿಲ್ಲ.

ಕಾಳಗದ ನಂತರ ಬ್ರಿಟನ್ ಜ್ವಾಲೆ ನುಸುಳದ ಬಾಗಿಲುಗಳನ್ನು ಬಿಗಿಪಡಿಸಿತು, ಚೀಲಗಳನ್ನು ಸಾಗಿಸುವ ಕ್ರಮ ಬದಲಿಸಿತು. ರೇಷ್ಮೆಯನ್ನು ಬಿಡಲಿಲ್ಲ. ಅಮೆರಿಕವೂ ಬಿಡಲಿಲ್ಲ. ಅದರ ಅಯೋವಾ ವರ್ಗದ 16 ಅಂಗುಲದ ತೋಪಿಗೆ ಒಮ್ಮೆಗೆ ಆರು ರೇಷ್ಮೆ ಚೀಲ, ಒಟ್ಟು 300 ಕಿಲೋ ಮದ್ದು ಬೇಕಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಆ ವರ್ಗದ ಮಿಸೌರಿ (1904ರದ್ದಲ್ಲ, ಅದೇ ಹೆಸರಿನ ಬೇರೆ ಹಡಗು), ವಿಸ್ಕಾನ್ಸಿನ್ ಹಡಗುಗಳು ಆ ತೋಪುಗಳನ್ನು ಯುದ್ಧದಲ್ಲಿ ಕೊನೆಯ ಬಾರಿಗೆ ಹಾರಿಸಿದವು.