ಅಜ್ಜನ ಮೋರಿಸ್‌ಗೆ ಡಿಸ್ಕ್ ಬ್ರೇಕ್ ಬೇಕಾ?

ಮಾಮನ ಮಗ ದುಬೈಯಿಂದ ಬಂದ ಮರುದಿನವೇ ಮನೆ ಹಿಂದಿನ ಶೆಡ್ಡಿನ ಬಾಗಿಲು ತೆಗೆದ. ಒಳಗೆ ಅಜ್ಜನ ಮೋರಿಸ್ ಮೈನರ್. 1953ರ ಗಾಡಿ. ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ಎಸ್ಟೇಟ್‌ನಿಂದ ಅಜ್ಜ ಸೆಕೆಂಡ್ ಹ್ಯಾಂಡ್ ತಂದದ್ದು. ತಂಗಿಯ ಮದುವೆಗೆ ಎರಡು ತಿಂಗಳು ಇತ್ತು. ಮದುಮಗಳನ್ನು ಹಾಲ್‌ಗೆ ಇದೇ ಕಾರಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಅವನ ಆಸೆ. ಅಷ್ಟೇ ಆಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವನ ಮೊಬೈಲಿನಲ್ಲಿ ಒಂದು ಪಟ್ಟಿ ಇತ್ತು: ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹೊಸ ನಮೂನೆಯ ಶಾಕ್ ಅಬ್ಸಾರ್ಬರ್, ಪವರ್ ಸ್ಟೇರಿಂಗ್, ಮತ್ತೆ ಗಾಡಿಯನ್ನು ಎರಡು ಇಂಚು ಕೆಳಗೆ ಇಳಿಸುವುದು.

ಮಾಮನಿಗೆ ಸಿಟ್ಟು ಬಂತು. "ಅಜ್ಜ ಇದರಲ್ಲೇ ಅಲ್ಲವಾ ಘಟ್ಟ ಹತ್ತಿ ಇಳಿದದ್ದು? ಆಗ ಇಲ್ಲದ್ದು ಈಗ ಎಂತಕ್ಕೆ?"

"ಅಜ್ಜನ ಕಾಲದಲ್ಲಿ ರಸ್ತೆಯಲ್ಲಿ ಎಷ್ಟು ಗಾಡಿ ಇತ್ತು ಉಪ್ಪಾ? ಈಗ ಎದುರಿನ ಕಾರು ಬ್ರೇಕ್ ಹಾಕಿದರೆ ನಿಂತಲ್ಲೇ ನಿಲ್ಲುತ್ತದೆ. ಇದು ನಿಲ್ಲುತ್ತದಾ?"

ಇಬ್ಬರ ಮಾತಿನಲ್ಲೂ ಸತ್ಯ ಉಂಟು. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆ ಒಂದು ಹಳೆ ಗಾಡಿ ನಿಂತಿದೆ. ಕೆಲವರಲ್ಲಿ ಅಂಬಾಸಡರ್, ಕೆಲವರಲ್ಲಿ ಫಿಯೆಟ್, ಕೆಲವರಲ್ಲಿ ಜೀಪು. ಗಲ್ಫ್‌ನಿಂದ ಬಂದ ಮಕ್ಕಳಿಗೆ ಅದರ ಮೇಲೆ ಪ್ರೀತಿ, ಕೈಯಲ್ಲಿ ಸ್ವಲ್ಪ ದುಡ್ಡೂ ಉಂಟು. ಹಾಗಾಗಿ ನಮ್ಮ ಮನೆಯ ಆ ಎರಡು ತಿಂಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೋರಿಸ್ ಮೈನರ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋದಲ್ಲಿ ಹೊರಬಂದ ಕಾರು. ವಿನ್ಯಾಸ ಮಾಡಿದ್ದು ಅಲೆಕ್ ಇಸ್ಸಿಗೋನಿಸ್, ಮುಂದೆ 1959ರಲ್ಲಿ ಮಿನಿ ಕಾರು ಕೊಟ್ಟವರೂ ಅವರೇ. ತಯಾರಾದ ಮಾದರಿ ತೀರಾ ಸಪೂರ ಕಂಡಿತೆಂದು ಅದನ್ನು ನಡುವಿನಲ್ಲೇ ಉದ್ದಕ್ಕೆ ಸೀಳಿಸಿ, ನಾಲ್ಕು ಇಂಚು ಅಗಲ ಮಾಡಿಸಿದರಂತೆ. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದೇ ಕಾರನ್ನು 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಮಾರಿತ್ತು. ನಂತರ ಅದೇ ಮೋರಿಸ್ ಮನೆತನದ ದೊಡ್ಡ ಕಾರು ಆಕ್ಸ್‌ಫರ್ಡ್ ನಮ್ಮಲ್ಲಿ ಅಂಬಾಸಡರ್ ಆಯಿತು. ಎರಡರಲ್ಲೂ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್, ಎರಡರಲ್ಲೂ ರ್‍ಯಾಕ್ ಆ್ಯಂಡ್ ಪಿನಿಯನ್ ಸ್ಟೇರಿಂಗ್. ಅಂದರೆ ಅಂಬಾಸಡರ್ ಇರುವವರಿಗೂ ಮುಂದಿನ ಮಾತು ಪೂರ್ತಿ ಪರಕೀಯ ಅಲ್ಲ.

ಜಗಳ ಮುಗಿಯಲಿ ಅಂತ ಗಾಡಿಯನ್ನು ಲಾರಿ ಮೇಲೆ ಹಾಕಿ ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಕಾಕನಿಗೆ ಎಪ್ಪತ್ತು ದಾಟಿದೆ. ಹುಡುಗನ ಪಟ್ಟಿಯನ್ನು ಅವರು ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ಮುಂದಿನ ಬಲ ಚಕ್ರವನ್ನು ಜಾಕಿನಲ್ಲಿ ಎತ್ತಿಸಿದರು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಟಕ್ ಟಕ್ ಅಂತ ಶಬ್ದ.

"ಮೋನೇ, ಕೇಳಿತಾ? ಡಿಸ್ಕ್ ಆಮೇಲೆ ಹಾಕುವ. ಮೊದಲು ಈ ಚಕ್ರ ಗಾಡಿಯಲ್ಲೇ ಇರಬೇಕಲ್ಲ."

ಆ ಶಬ್ದ ಬಂದದ್ದು ಎಲ್ಲಿಂದ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಕಾರಿನ ಜೀವ ಇರುವುದೇ ಅಲ್ಲಿ. ಮೈನರ್‌ನ ಮುಂದಿನ ಚಕ್ರ ಸ್ಟೇರಿಂಗ್ ತಿರುಗಿಸಿದಾಗ ಒಂದು ಉದ್ದನೆಯ ಪಿನ್ನಿನ ಮೇಲೆ ತಿರುಗುತ್ತದೆ. ಆ ಪಿನ್ನಿನ ಎರಡೂ ತುದಿಯಲ್ಲಿ ಬೋಲ್ಟಿಗೆ ಇರುವ ಹಾಗೆ ಮರೆ ಉಂಟು. ಮೇಲೊಂದು, ಕೆಳಗೊಂದು ತುಂಡಿನೊಳಗೆ ಅದು ಕೂತಿರುತ್ತದೆ, ಟ್ರನಿಯನ್ ಅನ್ನುತ್ತಾರೆ. ಕಾರಿನ ಮುಂಭಾಗದ ಭಾರ ಎಲ್ಲ ಈ ಮರೆಗಳ ಮೇಲೆ. ಇವಕ್ಕೆ ಬೇಕಾದದ್ದು ಒಂದೇ, ಗ್ರೀಸ್. ಕಂಪೆನಿಯ ಪುಸ್ತಕದಲ್ಲಿ ಸಾವಿರ ಮೈಲಿಗೊಮ್ಮೆ, ಅಂದರೆ ಸುಮಾರು 1,600 ಕಿಲೋಮೀಟರಿಗೊಮ್ಮೆ ಗ್ರೀಸ್ ಗನ್ ಹಿಡಿಯಬೇಕು ಅಂತ ಇತ್ತು. ಗ್ರೀಸ್ ಕಾಣದೆ ಒಣಗಿದರೆ ಮರೆ ಒಳಗಿನಿಂದ ಸವೆಯುತ್ತಾ ಬರುತ್ತದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಪಿನ್ನು ಕೆಳಗಿನ ಟ್ರನಿಯನ್‌ನಿಂದ ಕಳಚಿ ಬರುತ್ತದೆ, ಚಕ್ರ ಮಡಚಿ ಮಡ್‌ಗಾರ್ಡಿನ ಒಳಗೆ ಸೇರುತ್ತದೆ, ಗಾಡಿ ಮಂಡಿಯೂರಿ ಕೂರುತ್ತದೆ. ಹೆಚ್ಚಾಗಿ ನಿಧಾನಕ್ಕೆ ತಿರುಗಿಸುವಾಗ, ರಿವರ್ಸ್ ತೆಗೆಯುವಾಗ ಹೀಗಾಗುತ್ತದೆ ಎಂಬುದೊಂದೇ ಸಮಾಧಾನ. ಆದರೆ ಯಾವಾಗಲೂ ಹಾಗೇ ಆಗಬೇಕೆಂದಿಲ್ಲವಲ್ಲ.

ನಮ್ಮ ಗಾಡಿಯ ಬಲಗಡೆಯ ಮರೆ ಬಿಚ್ಚಿ ನೋಡಿದಾಗ ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಆ ಚಕ್ರದ ಮೇಲೆ ಮದುಮಗಳು ಕೂತು ಹೋಗುವುದಿತ್ತು. ಮಾಮ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಮಾತಾಡಲಿಲ್ಲ.

ಹೊಸ ಪಿನ್ನು, ಟ್ರನಿಯನ್ ಸಿಗುತ್ತವೆ. ಇಂಗ್ಲೆಂಡಿನಲ್ಲಿ ಈ ಕಾರಿಗೆ ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಬಿಡಿಭಾಗ ತಯಾರಾಗುತ್ತವೆ. ಒಂದು ಎಚ್ಚರ ಬೇಕು. ಎಡ ಬಲ ಬೇರೆ ಬೇರೆ, ಒಂದು ಕಡೆ ಉಲ್ಟಾ ಮರೆ. ಟಾರ್ಷನ್ ಬಾರ್‌ಗಳೂ ಹಾಗೆಯೇ. ಡ್ರೈವರ್ ಕೂರುವ ಬಲಗಡೆ ಗಾಡಿ ತಗ್ಗಿದೆ ಅಂತ ಎಡದ ಬಾರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ಕೆಲಸ ಕೆಟ್ಟಿತು. ಒಂದೇ ದಿಕ್ಕಿಗೆ ತಿರುಚಿಕೊಂಡು ಎಪ್ಪತ್ತು ವರ್ಷ ದುಡಿದ ಉಕ್ಕು ಅದು. ತಗ್ಗಿದ್ದನ್ನು ಹಿಂದಿನ ತುದಿಯ ಹಲ್ಲುಗಳಲ್ಲಿ ಜಾಗ ಬದಲಿಸಿ ಸರಿ ಮಾಡಬಹುದು. 'ಎರಡು ಇಂಚು ಕೆಳಗೆ' ಎಂಬ ಆಸೆಯೂ ಅದೇ ಹಲ್ಲುಗಳಲ್ಲಿ ನೆರವೇರುತ್ತದೆ, ಖರ್ಚಿಲ್ಲದೆ. ಆದರೆ ನಮ್ಮ ರಸ್ತೆಯ ಹಂಪು, ಮಳೆಗಾಲದ ಹೊಂಡ ನೋಡಿದವರು ಯಾರೂ ಅದನ್ನು ಮಾಡಲಿಕ್ಕಿಲ್ಲ. ಅದು ಪಟ್ಟಿಯಿಂದ ಅಲ್ಲೇ ಹೋಯಿತು.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಹುಡುಗನ ಮಾತಿಗೆ ಬೆಲೆ ಇತ್ತು. ಮೈನರ್‌ನಲ್ಲಿ ಇರುವುದು ಈಗಿನ ಕೊಳವೆಯ ನಮೂನೆ ಅಲ್ಲ. ಎಣ್ಣೆ ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಬಂದ ಒಂದು ತೋಳು. ಆ ತೋಳೇ ಸಸ್ಪೆನ್ಷನ್ನಿನ ಮೇಲಿನ ಕೈ ಕೂಡ. ಹಳತಾದರೆ ಎಣ್ಣೆ ಸೋರಿ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತದೆ. ಕೊಳವೆ ಶಾಕ್ ಹಾಕುವ ಕಿಟ್ ಸಿಗುತ್ತದೆ, ಬೋಲ್ಟಿನಲ್ಲಿ ಕೂರುತ್ತದೆ, ಹಿಡಿತವೂ ಒಳ್ಳೆಯದೇ. ಆದರೆ ಹಳೆ ಪೆಟ್ಟಿಗೆಯನ್ನು ಕಿತ್ತು ಬಿಸಾಡುವಂತಿಲ್ಲ, ತೋಳು ಬೇಕಲ್ಲ. ಅದರ ಬೇರಿಂಗ್ ಸವೆದಿದ್ದರೆ ಎಷ್ಟು ಒಳ್ಳೆಯ ಕೊಳವೆ ಹಾಕಿದರೂ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಕಾಕ ಮೊದಲು ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಎಣ್ಣೆ ತುಂಬಿದರು, ರಬ್ಬರ್ ಬುಷ್ ಎಲ್ಲ ಬದಲಿಸಿದರು. ಒಂದು ಸುತ್ತು ಓಡಿಸಿದ ಮೇಲೆ ಹುಡುಗ ಕಿಟ್ಟಿನ ಮಾತನ್ನೇ ಎತ್ತಲಿಲ್ಲ.

ಸ್ಟೇರಿಂಗ್ ಕಥೆ ಚಿಕ್ಕದು. ಮುಕ್ಕಾಲು ಟನ್ ತೂಕದ, ಸಪೂರ ಟಯರಿನ ಕಾರಿಗೆ ಪವರ್ ಸ್ಟೇರಿಂಗ್ ಬೇಡವೇ ಬೇಡ. ಸ್ಟೇರಿಂಗ್ ಗಟ್ಟಿ ಅನ್ನಿಸಿದರೆ ಅದೇ ಟ್ರನಿಯನ್‌ನಲ್ಲಿ ಗ್ರೀಸ್ ಇಲ್ಲ ಅಂತ ಅರ್ಥ, ಇಲ್ಲವೇ ಟಯರಿನಲ್ಲಿ ಗಾಳಿ ಇಲ್ಲ. ರ್‍ಯಾಕಿನ ಎರಡು ಬದಿಯ ರಬ್ಬರ್ ಚೀಲ ಹರಿದು ನೀರು, ಮಣ್ಣು ಹೋಗಿತ್ತು. ಅದನ್ನೂ ಟೈರಾಡ್ ಎಂಡುಗಳನ್ನೂ ಬದಲಿಸಿದೆವು. ಅಲೈನ್‌ಮೆಂಟ್‌ಗೆ ಕಂಪ್ಯೂಟರ್ ಇರುವ ಅಂಗಡಿಯಲ್ಲಿ ಈ ಕಾರಿನ ಹೆಸರೇ ಇರಲಿಲ್ಲ. ಎರಡು ಚಕ್ರ ಮುಂದುಗಡೆ ಒಳಕ್ಕೆ 3/32 ಇಂಚು, ಅಂದರೆ ಎರಡೂವರೆ ಮಿಲಿಮೀಟರಿಗೆ ತುಸು ಕಮ್ಮಿ ಇರಬೇಕು. ಕಾಕ ಅದನ್ನು ಕೋಲು ಹಿಡಿದು ಅಳೆದೇ ಮಾಡಿದರು.

ಇನ್ನು ಬ್ರೇಕ್. ಇಲ್ಲಿ ನಾನೇ ಒಂದು ತಪ್ಪೊಪ್ಪಿಕೊಳ್ಳಬೇಕು.

ಕೆಲವು ವರ್ಷದ ಹಿಂದೆ ಇದೇ ಗಾಡಿಯಲ್ಲಿ ಮಾಮನನ್ನು ಕೂರಿಸಿಕೊಂಡು ಕೊಟ್ಟಿಗೆಹಾರಕ್ಕೆ ಹೋಗಿದ್ದೆ. ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿಗೆ ನೆಲಕ್ಕೇ ಮುಟ್ಟಿತು. ಮಾಮ ಹ್ಯಾಂಡ್ ಬ್ರೇಕ್ ಎಳೆದರು, ನಾನು ಸೆಕೆಂಡಿಗೆ ಹಾಕಿದೆ, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿಯಾಗಿಯೇ ಇತ್ತು! ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆದದ್ದೇನು ಅಂತ ಕಾಕ ಈಗ ವಿವರಿಸಿದರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಂತೂ ಕೇಳುವುದೇ ಬೇಡ. ಹೊಸ ಡಾಟ್ 4 ಆಯಿಲ್ ಕುದಿಯಲು ಕಮ್ಮಿಯೆಂದರೂ 230 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಅದು 155ರ ಹತ್ತಿರ ಇಳಿಯಬಹುದು. ಡಾಟ್ 3 ಆದರೆ ಇನ್ನೂ ಕೆಳಗೆ, 140. ಘಟ್ಟದಲ್ಲಿ ಒಂದೇ ಸಮನೆ ಪೆಡಲ್ ಒತ್ತಿದರೆ ಡ್ರಮ್ಮಿನ ಬಿಸಿಗೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಶೂ ಒತ್ತುವುದಿಲ್ಲ. ತಣ್ಣಗಾದರೆ ಮತ್ತೆ ಸರಿ. ನಾನು ಆಯಿಲ್ ಬದಲಿಸಿ ಎಷ್ಟು ವರ್ಷ ಆಗಿತ್ತೋ ನೆನಪಿಲ್ಲ. ಈ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರನ ಕಾಲಡಿಯಲ್ಲಿ, ಮ್ಯಾಟ್ ಎತ್ತಿದರೆ ಮಾತ್ರ ಮುಚ್ಚಳ ಕಾಣುತ್ತದೆ. ಬಾನೆಟ್ ಎತ್ತಿ ನೋಡಿ ಎಲ್ಲ ಸರಿ ಉಂಟು ಅನ್ನುವವರಿಗೆ ಅದು ನೆನಪಾಗುವುದೇ ಇಲ್ಲ. ಬಿಚ್ಚಬೇಕಾದರೆ ಟಾರ್ಷನ್ ಬಾರ್ ಅಡ್ಡ ಬರುತ್ತದೆ, ಹಾಗಾಗಿ ಮೆಕ್ಯಾನಿಕ್‌ಗಳೂ ಅದನ್ನು ಮುಟ್ಟಲು ಮನಸ್ಸು ಮಾಡುವುದಿಲ್ಲ.

"ಹಾಗಾದರೆ ಡಿಸ್ಕ್ ಹಾಕಿದರೆ ಈ ಸಮಸ್ಯೆಯೇ ಇಲ್ಲವಲ್ಲ ಕಾಕಾ?" ಅಂತ ಹುಡುಗ.

ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಬೇಗ ತಣಿಯುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. ಅದು ನಿಜ. ಇಂಗ್ಲೆಂಡಿನಲ್ಲಿ ಮೈನರ್‌ಗೆ ಡಿಸ್ಕ್ ಹಾಕುವುದು ಹೊಸತೂ ಅಲ್ಲ. 1971ರಲ್ಲಿ ಬಂದ ಮೋರಿಸ್ ಮರೀನಾ ಕಾರಿನ ಮುಂದಿನ ಸಸ್ಪೆನ್ಷನ್ ಈ ಮೈನರ್‌ನದ್ದರಿಂದಲೇ ಹುಟ್ಟಿದ್ದು, ಅದರ ಡಿಸ್ಕನ್ನು ತಂದು ಇದಕ್ಕೆ ಕೂರಿಸಿದವರು ಬಹಳ ಮಂದಿ. ಆದರೆ ಡಿಸ್ಕ್ ಒಂದೇ ಬಂದು ಕೂರುವುದಿಲ್ಲ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ಒಂದು ಚಿಕ್ಕ ವಾಲ್ವ್ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಹಾಕಿದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಾ ಇರುತ್ತದೆ. ಡ್ರಮ್ಮಿಗೆ ಹೋಲಿಸಿದರೆ ಡಿಸ್ಕಿಗೆ ಕಾಲಿನ ಬಲ ಜಾಸ್ತಿ ಬೇಕು, ಸರ್ವೋ ಕೂರಿಸಬೇಕಾಗುತ್ತದೆ. ಮೈನರ್‌ನ ಮುಂದಿನ ಡ್ರಮ್ಮಿನಲ್ಲಿ ಚಕ್ರಕ್ಕೆ ಎರಡೆರಡು ಸಿಲಿಂಡರ್, ಎರಡೂ ಶೂ ಚಕ್ರದ ತಿರುಗುವಿಕೆಯ ಬಲದಿಂದಲೇ ತಾನಾಗಿ ಬಿಗಿಯುತ್ತವೆ. ಏಳು ಇಂಚಿನ ಸಣ್ಣ ಡ್ರಮ್ ಆದರೂ 30 ಹಾರ್ಸ್‌ಪವರಿನ ಗಾಡಿಗೆ ಸಾಕಾಗಿದ್ದದ್ದು ಹೀಗೆ. 1962ರಲ್ಲಿ ದೊಡ್ಡ ಇಂಜಿನ್ ಹಾಕಿದಾಗ ಕಂಪೆನಿಯೇ ಮುಂದಿನದ್ದನ್ನು ಎಂಟು ಇಂಚು ಮಾಡಿತು.

ನನ್ನನ್ನು ಕೇಳಿದರೆ ಡಿಸ್ಕ್‌ಗಿಂತ ಮೊದಲು ಖರ್ಚು ಮಾಡಬೇಕಾದದ್ದು ಬೇರೆ ಉಂಟು. ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನ್. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು, ಉಳಿಯುವುದು ಹ್ಯಾಂಡ್ ಬ್ರೇಕಿನ ಕೇಬಲ್ ಮಾತ್ರ. ಮುಂದಿನದ್ದಕ್ಕೆ ಹಿಂದಿನದ್ದಕ್ಕೆ ಬೇರೆ ಬೇರೆ ಲೈನ್ ಇರುವ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿಸಬಹುದು. ಹೊರಗಿಂದ ನೋಡಿದರೆ ಯಾರಿಗೂ ಕಾಣದ ಕೆಲಸ, ಫೋಟೋ ಹಾಕಿ ತೋರಿಸಲಿಕ್ಕಾಗುವುದಿಲ್ಲ. ಬಹುಶಃ ಅದಕ್ಕೇ ಯಾರ ಪಟ್ಟಿಯಲ್ಲೂ ಅದು ಇರುವುದಿಲ್ಲ.

ಹಳೆ ಬ್ರೇಕ್ ಶೂ ಬಿಚ್ಚುವಾಗ ಕಾಕ ಮಕ್ಕಳನ್ನು ದೂರ ಕಳಿಸಿದರು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ತೆಗೆಯಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೆಯ ಲೈನರ್‌ನಲ್ಲಿ ಕಲ್ನಾರು ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮನೆಯಂಗಳದಲ್ಲೇ ಬ್ರೇಕ್ ಬಿಚ್ಚುವ ನಮ್ಮ ಹುಡುಗರು ಇದೊಂದನ್ನು ದಯವಿಟ್ಟು ನೆನಪಿಡಿ.

ಕಾನೂನಿನ ಕಡೆಯೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರ ಇರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಹಾಗಾಗಿ ಏನು ಹಾಕಿದರೂ ಬೋಲ್ಟಿನಲ್ಲಿ ಕೂರುವಂಥದ್ದೇ ಹಾಕಿ, ಚಾಸಿ ಕೊಯ್ಯಬೇಡಿ, ವೆಲ್ಡಿಂಗ್ ಬೇಡ. ಬಿಚ್ಚಿದ ಹಳೆ ಸಾಮಾನನ್ನು ಗುಜರಿಗೆ ಹಾಕದೆ ಗೋಣಿಯಲ್ಲಿ ಕಟ್ಟಿಡಿ. ಆರ್‌ಟಿಒದಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಕೊನೆಗೆ ನಮ್ಮ ಗಾಡಿಗೆ ಆದದ್ದಿಷ್ಟು: ಟ್ರನಿಯನ್, ಪಿನ್ನು, ಬುಷ್ ಹೊಸತು. ಡ್ರಮ್ಮಿಗೆ ಲೇತಿನಲ್ಲಿ ಒಂದು ಕೈ, ಶೂಗೆ ಕಲ್ನಾರಿಲ್ಲದ ಲೈನರ್. ಸಿಲಿಂಡರ್, ಹೋಸ್, ಪೈಪ್ ಎಲ್ಲ ಹೊಸತು, ಹೊಸ ಆಯಿಲ್. ಹದಿನಾಲ್ಕು ಇಂಚಿನ ರೇಡಿಯಲ್ ಟಯರ್. ಜೋಡಿ ಮಾಸ್ಟರ್ ಸಿಲಿಂಡರಿಗೆ ಆರ್ಡರ್ ಕೊಟ್ಟಾಗಿದೆ. ಡಿಸ್ಕ್ ಬೇಕಾ ಎಂಬುದನ್ನು ಮತ್ತೊಮ್ಮೆ ಘಟ್ಟ ಹತ್ತುವ ಯೋಚನೆ ಬಂದಾಗ ನೋಡುವ ಅಂತ ಅಪ್ಪ ಮಗ ರಾಜಿಯಾದರು.

ಮದುವೆಯ ದಿನ ಹುಡುಗನೇ ಓಡಿಸಿದ. ಹಾಲಿನ ಗೇಟಿನಲ್ಲಿ ಒಂದು ಬೈಕ್ ಅಡ್ಡ ಬಂತು, ಗಾಡಿ ನಿಂತಿತು, ಎಡಕ್ಕೂ ಎಳೆಯಲಿಲ್ಲ ಬಲಕ್ಕೂ ಎಳೆಯಲಿಲ್ಲ. ಅವನೀಗ ದುಬೈಗೆ ವಾಪಸ್ ಹೋಗಿದ್ದಾನೆ. ಹೋಗುವ ಮುಂಚೆ ಗ್ರೀಸ್ ಗನ್ ತಂದು ಶೆಡ್ಡಿನ ಗೋಡೆಗೆ ತೂಗುಹಾಕಿ, ಪಕ್ಕದಲ್ಲಿ ಕಿಲೋಮೀಟರ್ ಬರೆಯಲು ಒಂದು ಕ್ಯಾಲೆಂಡರ್ ಅಂಟಿಸಿದ್ದಾನೆ. ಪ್ರತಿ ಶುಕ್ರವಾರ ಫೋನ್ ಮಾಡಿದಾಗ ಮಾಮನ ಹತ್ತಿರ ಅದನ್ನು ಓದಿಸುತ್ತಾನೆ.